ಅರಿಶಿನ ಹಚ್ಚಿದ ನೋಟೀಸು

ಕೋರ್ಟಿಗೆ ಹೋಗುತ್ತೇವೆ ಎಂದು ಹೆದರಿಸುವ ಪತ್ರ ನಮ್ಮ ಮನೆಯಿಂದ ಹೋದದ್ದು ಒಂದೇ ಒಂದು ಸಲ. ಹೇಳಿ ಬರೆಸಿದವನು ಅಪ್ಪ. ಬರೆದ ಕೈ ನನ್ನದು. ಆ ಪತ್ರದಲ್ಲಿದ್ದ ಎಲ್ಲಕ್ಕಿಂತ ಕೆಟ್ಟ ಶಬ್ದವೂ ನನ್ನದೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಎಲ್ಲಾ ಅಪ್ಪನ ತಲೆಗೆ ಕಟ್ಟಿದಳು ಅಂತ ಯಾರೂ ಅನ್ನಬಾರದು.

ಎಪ್ಪತ್ತರ ದಶಕದ ಮಾತು. ಅಪ್ಪ ಸರಕಾರಿ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕ್. ಖಾನಾಪುರದಲ್ಲಿ ಬಹಳ ವರ್ಷ ನೌಕರಿ ಮಾಡಿ, ಬೆಳಗಾವಿಗೆ ವರ್ಗವಾಗಿ ಬಂದು, ಸದಾಶಿವನಗರದಲ್ಲಿ ಬಾಡಿಗೆ ಮನೆ ಹಿಡಿದಿದ್ದ. ನಾನು ಆಗ ಕಾಲೇಜಿನ ಹುಡುಗಿ. ಅಕ್ಷರ ದುಂಡಗಿದ್ದವು, ನಾಲಿಗೆ ಹರಿತವಿತ್ತು, ಎರಡರ ಬಗ್ಗೆಯೂ ಸೊಕ್ಕಿತ್ತು. ಓಣಿಯ ಮಂದಿ ತಮಗೆ ಬಂದ ಕಾಗದ ಓದಿಸಿಕೊಳ್ಳಲು ಅಪ್ಪನ ಹತ್ತಿರ ಬರುತ್ತಿದ್ದರು. ಅಪ್ಪನದು ಒಂದೇ ನೇಮ: ಬರೆದದ್ದನ್ನು ಬರೆದ ಹಾಗೆ ಓದಬೇಕು. ಒಂದು ಸಲ ಹಿಂದಿನ ಮನೆಯ ಮುದುಕಿಗೆ ಅವಳ ತಮ್ಮ ತೀರಿಹೋದ ಕಾಗದವನ್ನು ಪೂರ್ಣವಿರಾಮಕ್ಕೆ ನಿಂತು ನಿಂತು ಓದಿದ. ಅವಳು ಅಲ್ಲೇ ಕುಸಿದು ಕೂತಳು. ಅವ್ವ ರೇಗಿದಳು: "ಸ್ವಲ್ಪ ತಡದು, ಹಿಂದ ಮುಂದ ಮಾಡಿ ಹೇಳಿದ್ರ ನಿಮ್ಮ ಗಂಟೇನ ಹೋಕ್ಕಿತ್ತು?" ಅಪ್ಪ ಅಂದ: "ಕಾಗದಾ ಅವರದು. ಅದರಾಗ ಕೈ ಆಡ್ಸಾಕ ನಾ ಯಾರು?" ಇಂಥ ಮನುಷ್ಯ ನಮ್ಮಪ್ಪ.

ಆ ವರ್ಷ ಅಕ್ಕ ಬಸಿರಾದಳು. ಎರಡನೆಯದು. ಮೊದಲನೆಯ ಕೂಸು ಹುಟ್ಟಿದ ಮೂರನೇ ದಿನಕ್ಕೆ ಹೋಗಿತ್ತು. ಅದಕ್ಕೆಂದು ಖಾನಾಪುರದ ಮಿಸ್ತ್ರಿ ಕಾಕಾ ಮಾಡಿಕೊಟ್ಟಿದ್ದ ತೊಟ್ಟಿಲು ನಡುಮನೆಯಲ್ಲಿ ತೂಗು ಹಾಕಿದಂತೆಯೇ ಉಳಿದಿತ್ತು. ಅವ್ವ ಒಂದು ದಿನ ಅದನ್ನು ಬಿಚ್ಚಿಸಿ, ಯಾರದೋ ಕೈಯಲ್ಲಿ ಕೊಟ್ಟು ಕಳಿಸಿದಳು. ಎಲ್ಲಿಗೆ ಹೋಯಿತೆಂದು ನಾವ್ಯಾರೂ ಕೇಳಲಿಲ್ಲ.

ಮಿಸ್ತ್ರಿ ಕಾಕಾ ಅಂದರೆ ಖಾನಾಪುರದಲ್ಲಿ ನಮ್ಮ ಬಾಜೂ ಮನೆಯ ಬಡಿಗ. ಮನೆಯಲ್ಲಿ ಮರಾಠಿ, ನಮ್ಮೊಂದಿಗೆ ಕನ್ನಡ. ಮರಾಠಿ ಸಾಲಿಯಲ್ಲಿ ಎರಡು ವರ್ಷ ಕೂತು ಬಿಟ್ಟವನು. ತನ್ನ ಸಹಿ ಮಾಡುತ್ತಿದ್ದ, ಕನ್ನಡದ ಒಂದಕ್ಷರ ಗೊತ್ತಿರಲಿಲ್ಲ. ನಾನು ಮತ್ತು ಅಕ್ಕ ಅವನ ಕಾರಖಾನೆಯ ಮರದ ಹೊಟ್ಟಿನಲ್ಲಿ ಆಡಿ ಬೆಳೆದವರು. ಅಕ್ಕನೆಂದರೆ ಅವನಿಗೆ ಜೀವ. ಅವಳ ಮದುವೆಯಲ್ಲಿ ಅಪ್ಪನಿಗಿಂತ ಹೆಚ್ಚು ಅತ್ತವನು ಅವನೇ.

ಎರಡನೇ ಬಸಿರಿನ ಸುದ್ದಿ ಬಂದ ಕೂಡಲೇ ಅಪ್ಪ ಅಜ್ಜಿಯ ಸಾಗವಾನಿ ಮಂಚ ಬಿಚ್ಚಿಸಿದ. ಅಜ್ಜಿ ಆ ಮಂಚದ ಮೇಲೆ ಎಂಟು ಹಡೆದು ಎಂಟನ್ನೂ ದೊಡ್ಡದು ಮಾಡಿದವಳು. ಆ ಹಲಗೆಗಳನ್ನು ಖಾನಾಪುರಕ್ಕೆ ಒಯ್ದು, "ಮಿಸ್ತ್ರಿ, ಹೊಸಾ ತೊಟ್ಟಲಾ ಆಗಬೇಕು" ಅಂದ. ಕಾಕಾ ಹಲಗೆ ಸವರಿ ನೋಡಿ, ಆಯಿತು ಅಂದ. ಸಂಚಕಾರವೆಂದು ಮುಂಗಡ ಕೊಡಲು ಹೋದರೆ ಕೈ ಹಿಂದಕ್ಕೆಳೆದುಕೊಂಡ.

ಅಷ್ಟೇ. ಮುಂದೆ ತೊಟ್ಟಿಲಿನ ಸುದ್ದಿಯೇ ಇಲ್ಲ. ಅಪ್ಪ ರವಿವಾರ ರವಿವಾರ ಖಾನಾಪುರಕ್ಕೆ ಹೋಗಿಬರುವುದು, ಕಾಕಾ ಒಂದೊಂದು ನೆವ ಹೇಳುವುದು. ಒಂದು ಸಲ "ಗಿಳಿ ಕೆತ್ತೂದೈತ್ರಿ ಸಾಹೇಬ್ರ." ಇನ್ನೊಂದು ಸಲ "ಹಲಗಿ ಹಸಿ ಅದಾವ್ರಿ." ಅರವತ್ತು ವರ್ಷದ ಮಂಚದ ಹಲಗೆ ಹಸಿ ಇರುತ್ತದೆಯೇ? ಅಪ್ಪ ಕಾರಖಾನೆಯೊಳಗೆ ಇಣುಕಿದರೆ ಕಾಕಾ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದ.

ಅಕ್ಕ ಬಾಣಂತನಕ್ಕೆ ಬಂದಳು. ಎಂಟು ತುಂಬಿತು. ಅಪ್ಪ ಖಾನಾಪುರದಿಂದ ಬಂದು ಚಪ್ಪಲಿ ಬಿಡುವುದರೊಳಗೆ ಅವಳು ಕೇಳುತ್ತಿದ್ದಳು: "ತೊಟ್ಟಲಾ ಬಂತೇನ್ ಅಪ್ಪಾ?" ಬರಲಿಲ್ಲ ಅಂದರೆ ಒಳಗೆ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಹಿತ್ತಲಲ್ಲಿ ನನ್ನ ಕೈ ಹಿಡಿದು ಹೇಳಿದಳು: "ಇದೂ ಉಳಿಯೂದಿಲ್ಲಂತ ಎಲ್ಲಾರಿಗೂ ಗೊತ್ತೈತಿ. ಕಾಕಾಗೂ ಗೊತ್ತೈತಿ. ಅದಕ್ಕ ಅಂವಾ ತೊಟ್ಟಲಾ ಮಾಡವಲ್ಲ." ಹುಚ್ಚಿ ಹಾಂಗ ಮಾತಾಡಬ್ಯಾಡ ಅಂತ ಬೈದೆ. ಅವಳು ಊಟ ಬಿಡುತ್ತ ಬಂದಿದ್ದಳು, ಕೂಸಿಗೆಂದು ಹೊಲಿಯಲು ತೆಗೆದ ಕುಲಾಯಿಯನ್ನು ಅರ್ಧಕ್ಕೆ ಇಟ್ಟುಬಿಟ್ಟಿದ್ದಳು. ಆ ತೊಟ್ಟಿಲು ಮನೆಗೆ ಬರದ ಹೊರತು ಅವಳಿಗೆ ಧೈರ್ಯ ಬರುವುದಿಲ್ಲ ಅಂತ ನನಗೂ ಅಪ್ಪನಿಗೂ ಗೊತ್ತಾಗಿಹೋಗಿತ್ತು.

ಅವತ್ತೇ ಸಂಜೆ ಅಪ್ಪ ನನ್ನನ್ನು ಕರೆದುಕೊಂಡು ಮುಂದಿನ ಓಣಿಯ ವಕೀಲರ ಮನೆಗೆ ಹೋದ.

"ಸಂಚಕಾರ ಎಷ್ಟ ಕೊಟ್ಟೀರಿ?" ಅಂದರು ವಕೀಲರು.

"ಕೊಡಾಕ ಹೋದ್ನಿ, ತಗೋಲಿಲ್ರಿ. ಹಲಗಿ ಅಷ್ಟ ಇಟ್ಕೊಂಡಾನ."

"ಸಂಚಕಾರ ಬ್ಯಾಡಂದು ಮೋಸಾ ಮಾಡೂ ಮಿಸ್ತ್ರಿನ್ನ ನಾ ಇನ್ನೂ ಕಂಡಿಲ್ಲ ನೋಡ್ರಿ" ಅಂತ ವಕೀಲರು ನಕ್ಕರು. ಆ ನಗುವಿನಲ್ಲೇ ಉತ್ತರ ಇತ್ತು. ನಮಗೆಲ್ಲಿ ಕೇಳಿಸಬೇಕು? ಕಡೆಗೆ ಅವರು, ಕೋರ್ಟಿಗೆ ಹೋಗುವ ಮೊದಲು ನೀವೇ ಒಂದು ನೋಟೀಸು ಕೊಡಿ, ರಜಿಸ್ಟರ್ ಮಾಡಿ, ಪೋಚ್ ಹಚ್ಚಿ ಕಳಿಸಿ, ಬಹಳ ಸಲ ಅಲ್ಲೇ ಮುಗಿದುಹೋಗುತ್ತದೆ ಅಂದರು. ಪತ್ರ ಮುಟ್ಟಿತೆಂದು ಸಹಿ ಮಾಡಿಸಿಕೊಂಡು ತಿರುಗಿ ನಮ್ಮ ಕೈ ಸೇರುವ ಚೀಟಿಗೆ ನಮ್ಮ ಕಡೆ ಪೋಚ್ ಅನ್ನುತ್ತಾರೆ.

ಅಪ್ಪ ಪಡಸಾಲೆಯಲ್ಲಿ ಅಡ್ಡಾಡುತ್ತ ಹೇಳಿದ, ನಾನು ಬರೆದೆ. "ತಮಗೆ ಈ ನೋಟೀಸಿನ ಮೂಲಕ ತಿಳಿಯಪಡಿಸುವುದೇನೆಂದರೆ, ನಮ್ಮ ಮಾಲೀಕತ್ವದ ಸಾಗವಾನಿ ಹಲಗೆಗಳನ್ನು ತಮ್ಮ ವಶಕ್ಕೆ ಒಪ್ಪಿಸಿ ಐದು ತಿಂಗಳು ಸಂದರೂ ಸದರೀ ತೊಟ್ಟಿಲು ನಮಗೆ ಮುಟ್ಟಿರುವುದಿಲ್ಲ." ಇಲ್ಲಿಗೆ ನಿಂತು ನನ್ನ ಮುಖ ನೋಡಿದ. "ಬಿರುಸ ಆತೇನು?"

"ಏನೂ ಬಿರುಸಿಲ್ಲ. ಲಗ್ನಪತ್ರಿಕಿ ಹಂಗ ಐತಿ" ಅಂದೆ ನಾನು. "ನಿಮ್ಮ ನಡತೆಯಿಂದ ವಂಚನೆಯ ಸಂಶಯ ಬರುತ್ತದೆ ಅಂತ ಹಾಕಪ್ಪಾ."

ಒಳಗಿನಿಂದ ಅವ್ವ ಕೂಗಿದಳು: "ವಂಚನೆ ಗಿಂಚನೆ ಏನೂ ಬ್ಯಾಡ. ಹದಿನೈದು ವರ್ಷ ನಮ್ಮ ಮನಿ ಬಾಗಲಾ ಕಿಡಕಿ ನೋಡಿದಂವ. ಕೋರ್ಟಿಗೆ ಹ್ವಾದ್ರ ಗೆದ್ದಂವ ಸೋತ, ಸೋತಂವ ಸತ್ತ." ನಾನು ಅಕ್ಕ ಮಲಗಿದ್ದ ಕೋಣೆಯ ಕಡೆ ಕೈ ತೋರಿಸಿದೆ. ಅಪ್ಪ ಅತ್ತ ನೋಡಿ, "ಹಾಕು" ಅಂದ. ಹಾಕಿದೆ. ಆ ಶಬ್ದವನ್ನು ಉಳಿದವುಗಳಿಗಿಂತ ಚೂರು ದಪ್ಪಗೇ ಬರೆದೆ. ಹದಿನೈದು ದಿನದೊಳಗೆ ತೊಟ್ಟಿಲಾಗಲಿ ಲಿಖಿತ ಉತ್ತರವಾಗಲಿ ಬರದಿದ್ದರೆ ನ್ಯಾಯಾಲಯ, ಖರ್ಚುವೆಚ್ಚಕ್ಕೆ ನೀವೇ ಹೊಣೆ ಅಂತ ಮುಗಿಸಿ, ಅಪ್ಪನ ಸಹಿ ಹಾಕಿಸಿ, ಪಾಕೀಟಿಗೆ ತುಂಬಿದೆ.

ಮರುದಿನ ಅಂಚೆ ಕಚೇರಿಗೆ ಹೊರಡುವಾಗ ಪಾಕೀಟು ಮೇಜಿನ ಮೇಲೆ ಇರಲಿಲ್ಲ. ನೋಡಿದರೆ ದೇವರ ಜಗುಲಿಯ ಮೇಲಿತ್ತು. ನಾಲ್ಕೂ ಮೂಲೆಗೆ ಅರಿಶಿನ, ನಡುವೆ ಒಂದು ಬೊಟ್ಟು ಕುಂಕುಮ! ಬಿಚ್ಚಿದರೆ ಒಳಗಿನ ಕಾಗದದ ಮೂಲೆಗಳಿಗೂ ಹಚ್ಚಿದ್ದಳು.

"ಅವ್ವಾ, ಇದು ನೋಟೀಸ! ನೋಟೀಸಿಗೆ ಯಾರರ ಅರಿಷಿಣ ಹಚ್ಚತಾರೇನು?"

"ತೊಟ್ಟಲದ ಸುದ್ದಿ ಇರೂ ಕಾಗದಾ ಬರೇ ಹೋಗಬಾರದು" ಅಂದಳು ಅವ್ವ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. "ನೀವು ಒಳಗ ಏನ ಬೇಕಾದ್ದು ಬರಕೋರಿ. ಹೊರಗಿಂದು ನಂದು."

ಅವ್ವನ ಪದ್ಧತಿಯೇ ಹಾಗೆ. ನನ್ನ ಪರೀಕ್ಷೆಯ ಚೀಟಿ, ಅಪ್ಪನ ಬಡ್ತಿಯ ಅರ್ಜಿ, ಯಾವ ಕಾಗದವೂ ಜಗುಲಿ ಮುಟ್ಟದೆ ಹೊಸ್ತಿಲು ದಾಟಿದ್ದಿಲ್ಲ. ಅಂಚೆ ಕಚೇರಿಯಲ್ಲಿ ಕಿಡಕಿಯಾಚೆಯವರು ಪಾಕೀಟು ತಿರುಗಿಸಿ ನೋಡಿ, "ಯಾರ ಲಗ್ನಾ ತಂಗೀ?" ಅಂದರು. "ಲಗ್ನ ಅಲ್ರಿ, ನೋಟೀಸ್ರಿ" ಅಂದೆ. ಅವರು ನನ್ನನ್ನೇ ಮೇಲೆ ಕೆಳಗೆ ನೋಡಿದರು. ಅಲ್ಲಿಯೇ ಬೇರೆ ಪಾಕೀಟು ತಗೊಳ್ಳಬಹುದಿತ್ತು. ಅರಿಶಿನದ ಕಾಗದವೆಂದರೆ ಶುಭದ ಕಾಗದ ಅಂತ ನನಗೆ ಗೊತ್ತಿರಲಿಲ್ಲವೇ? ಎಳೆಕೂಸಿಗೂ ಗೊತ್ತು. ಆದರೆ ಒಳಗೆ ಅಷ್ಟು ಜೋರಾಗಿ ಬರೆದಿದ್ದೆನಲ್ಲ, ಹೊರಗಿನದನ್ನು ಯಾರು ಲೆಕ್ಕಕ್ಕಿಡುತ್ತಾರೆ ಅಂದುಕೊಂಡೆ. ಓದು ಬಲ್ಲೆನೆಂಬ ಸೊಕ್ಕಿನವರು ಮಾಡುವ ತಪ್ಪು ಇದು. ಅದೂ ಅಲ್ಲದೆ ನನ್ನ ಹಿಂದೆ ಉದ್ದ ಪಾಳಿ ಇತ್ತು.

ಪೋಚ್ ಬರುವ ಮೊದಲೇ ಮನುಷ್ಯನೇ ಬಂದ.

ರವಿವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಬಾಗಿಲ ಮುಂದೆ ಟಾಂಗಾ ನಿಂತಿತು. ಇಳಿದವನು ಮಿಸ್ತ್ರಿ ಕಾಕಾ. ಕೆಂಪು ರುಮಾಲು, ಇಸ್ತ್ರಿಯ ಧೋತರ, ಹೆಗಲ ಮೇಲೆ ಜರಿ ಅಂಚಿನ ಶಲ್ಯ. ಹಿಂದೆ ಅವನ ಹೆಂಡತಿ ಕಾಕಿ, ಹಸಿರು ಇಳಕಲ್ ಸೀರೆಯಲ್ಲಿ. ಇಬ್ಬರ ನಡುವೆ ತೊಟ್ಟಿಲು! ಅಂಥ ತೊಟ್ಟಿಲು ನಾನು ಆಮೇಲೆ ಎಲ್ಲೂ ಕಂಡಿಲ್ಲ. ನಾಲ್ಕು ಮೂಲೆಗೆ ನಾಲ್ಕು ಗಿಳಿ, ತಲೆದೆಸೆಗೆ ಬಿರಿದ ಕಮಲ, ಬದಿಯ ಪಟ್ಟಿಗಳು ಅಂಗೈ ಜಾರುವಷ್ಟು ನುಣುಪು. ಕಾಕಾ ಅಂಗಳದಿಂದಲೇ ಕೂಗಿದ: "ಎಲ್ಲೈತ್ರಿ ನಮ್ಮ ಕೂಸು? ಗಂಡೋ ಹೆಣ್ಣೋ ಅದನ್ನರ ಹೇಳ್ರಿ ಮದ್ಲ!"

ಗದ್ದಲ ಕೇಳಿ ಅಕ್ಕ ತುಂಬಿದ ಹೊಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದಳು.

ಕಾಕಾ ಅವಳ ಹೊಟ್ಟೆ ನೋಡಿದ. ತೊಟ್ಟಿಲು ನೋಡಿದ. "ಅರೆ ದೇವಾ" ಅಂದವನೇ ಅಂಗಳದ ಕಲ್ಲಿನ ಮೇಲೆ ಕೂತುಬಿಟ್ಟ. "ಒಯ್ಯೂಣು ನಡೀ, ತಿರುಗಿ ಒಯ್ಯೂಣು" ಅಂತ ಕಾಕಿಗೆ ಹೇಳತೊಡಗಿದ. ಅಪ್ಪ ಹೊರಗೆ ಬಂದ, ಕೈಯಲ್ಲಿ ಪೇಪರು, ಮುಖದ ತುಂಬ ಸಿಟ್ಟು.

"ಅಲ್ಲೋ ಮಿಸ್ತ್ರಿ, ಐದು ತಿಂಗಳ ಅಡ್ಡಾಡಿಸಿ ಈಗ ತಂದು ತಿರುಗಿ ಒಯ್ಯತೇನಿ ಅಂತೀಯಲ್ಲ, ಇದೇನ ಆಟಾ?"

"ಕೂಸ ಹುಟ್ಟೈತಂತ ತಿಳದ್ನಿ ಸಾಹೇಬ್ರ. ಅರಿಷಿಣ ಹಚ್ಚಿದ ಪತ್ರ ಬಂತು. ಹೆಸರಿಡೂದರ ಆಮಂತ್ರಣ ಅಂದ್ಕೊಂಡ್ನಿ." ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. "ಹುಟ್ಟೂದಕಿಂತ ಮದ್ಲ ತರಬಾರದಿತ್ತು ನಾನು. ಹ್ವಾದ ಸಲ ನಾನ ಮಾಡಿದ್ದು. ಈ ಕೈಲೆ. ಕೂಸ ಹುಟ್ಟಾಕ ಎರಡ ತಿಂಗಳ ಇತ್ತು, ತೊಟ್ಟಲಾ ತಂದು ಕಟ್ಟಿದ್ನಿ, ಸರಪಳಿ ಸಮ ಅದಾವಿಲ್ಲೋ ಅಂತ ಬರೇ ತೊಟ್ಟಲಾ ತೂಗಿ ನೋಡಿದ್ನಿ. ಕೂಸಿಲ್ಲದ ಬರೇ ತೊಟ್ಟಲಾ ತೂಗಬಾರದಂತ ನಮ್ಮಾಯಿ ಸಾವಿರ ಸಲ ಹೇಳಿದ್ಲು. ಕಸಬಿನ ರೂಢಿ, ಕೈ ತಾನ ಹೋತು. ನಿಮ್ಮ ಕೂಸಿನ್ನ ನಾ ತಿಂದ್ನಿ ಸಾಹೇಬ್ರ."

ಅವನು ಆ ತೊಟ್ಟಿಲು ತೂಗಿದ್ದು ನಮ್ಮಲ್ಲಿ ಒಬ್ಬರಿಗೂ ನೆನಪಿರಲಿಲ್ಲ. ಅವನು ಎರಡು ವರ್ಷ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಕೂತಿದ್ದ. ನಾನೋ, ಅವನಿಗೆ ವಂಚನೆ ಅಂತ ಬರೆದು, ದಪ್ಪಗೆ ಬರೆದು, ಪೋಚ್ ಹಚ್ಚಿ ಕಳಿಸಿದ್ದೆ. ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು.

ಅಕ್ಕ ಒಂದೊಂದೇ ಮೆಟ್ಟಿಲು ಇಳಿದು ಬಂದು ತೊಟ್ಟಿಲ ಅಂಚು ಮುಟ್ಟಿದಳು. "ಇದು ಮುಗದು ಎಷ್ಟ ದಿನಾ ಆತ್ರಿ ಕಾಕಾ?"

"ನಿಮ್ಮಪ್ಪ ಹಲಗಿ ತಂದ ತಿಂಗಳದಾಗ ಮುಗದೈತವ್ವಾ. ಗೋಣಿತಟ್ಟ ಮುಚ್ಚಿ ಇಟ್ಟಿದ್ನಿ. ಕೂಸ ಹುಟ್ಟೂದಕಿಂತ ಮದ್ಲ ಕುಲಾಯಿ ಹೊಲಸಬಾರದಂತಾರ. ನಾ ತೊಟ್ಟಲಾ ಹೆಂಗ ತರ್ಲಿ? ತರೂದಿಲ್ಲಂತ ಅಂದ್ರ ಯಾಕ ಅಂತ ಕೇಳತಿದ್ರಿ. ಏನ ಹೇಳ್ಲಿ? ಸುಳ್ಳ ಹೇಳಕೋತ ಕುಂತ್ನಿ."

ಅಕ್ಕ ಅವನನ್ನೇ ನೋಡುತ್ತ ನಿಂತಳು. ಕಣ್ಣಲ್ಲಿ ನೀರು ಬಂತು. ಕೂಸು ಉಳಿಯುವುದಿಲ್ಲವೆಂದು ತೊಟ್ಟಿಲು ತರುತ್ತಿಲ್ಲ ಅಂತ ಅವಳು ತಿಳಿದಿದ್ದಳು. ಕೂಸು ಉಳಿಯಲೆಂದೇ ಅವನು ತಂದಿರಲಿಲ್ಲ.

ಬಿಡುಗಡೆ ಮಾಡಿದವಳು ಅವ್ವ. ಅಡುಗೆಮನೆಯಿಂದ ಬಂದು, ಕೈ ಒರೆಸಿಕೊಂಡು, ತೊಟ್ಟಿಲೊಳಗೆ ಬಗ್ಗಿ ನೋಡಿದಳು. "ಬರೇ ತೊಟ್ಟಲಾ ಎಲ್ಲೈತ್ರಿ ಮಿಸ್ತ್ರಿ? ತುಂಬಿದ ತೊಟ್ಟಲಾ ತಂದೀರಿ."

ಖರೇ ಅಂದರೆ ಖರೇ. ಒಳಗೆ ಹಳೇ ಸೀರೆಯಲ್ಲಿ ಕೂಸಿನಂತೆ ಸುತ್ತಿದ ಒಂದು ತೆಂಗಿನಕಾಯಿ, ಅದರ ಸುತ್ತ ಪೇರಲ ಹಣ್ಣು, ಒಂದು ಬೆಲ್ಲದ ಅಚ್ಚು, ಒಂದು ಹಿಡಿ ಅಕ್ಕಿ. ಕಾಯಿ ಇಟ್ಟವಳು ಕಾಕಿ, ಖಾಲಿ ತೊಟ್ಟಿಲು ಊರು ದಾಟಬಾರದೆಂದು. ಉಳಿದದ್ದು ರೈಲಿನ ಮಂದಿಯದು. ದೇಸೂರ ಸ್ಟೇಷನ್ನಿನಲ್ಲಿ ಹತ್ತಿದ ಹೆಣ್ಣುಮಕ್ಕಳು ಕೂಸು ಮಲಗಿದೆಯೆಂದು ಬಗ್ಗಿ ನೋಡಿ, ಕಾಯಿ ಕಂಡು ನಕ್ಕು, ಕೂಸಿಗೆಂದು ತಮ್ಮ ಬುಟ್ಟಿಯಿಂದ ಒಂದೊಂದು ಹಾಕಿದ್ದರಂತೆ. ಅವ್ವ ಅಂದಳು: "ದಾರಿಗುಂಟ ಮಂದಿ ಹರಸಿ ಕಳಿಸಿದ ತೊಟ್ಟಲಾ ಇದು. ಇದನ್ನ ತಿರುಗಿಸಿ ಒಯ್ದ್ರ ನೋಡ್ರಿ ಮತ್ತ! ಒಳಗ ತರ್ರಿ."

ತೊಟ್ಟಿಲು ಹೊಸ್ತಿಲು ದಾಟಿತು. ಕಾಕಾ ಪಡಸಾಲೆಯ ಜಮಖಾನೆಯ ಮೇಲೆ ಕೂತು ಚಹಾ ಕುಡಿದ. ಮುಖಕ್ಕೆ ಸ್ವಲ್ಪ ಕಳೆ ಬಂತು. ಆಮೇಲೆ ಅಂಗಿಯ ಒಳಕಿಸೆಗೆ ಕೈ ಹಾಕಿ ಪತ್ರ ತೆಗೆದ.

"ಹಂಗಾದ್ರ ಇದರಾಗ ಏನ ಬರದೀರಿ ಸಾಹೇಬ್ರ? ಅರಿಷಿಣ ನೋಡಿದ್ನಿ, ಯಾರ ಕಡೆನೂ ಓದಸಲಿಲ್ಲ. ಪೋಸ್ಟಿನಂವಾ ಸಹಿ ಮಾಡಿಸ್ಕೊಂಡ ಕೊಟ್ಟ. ರಜಿಸ್ಟರ ಮಾಡಿ ಆಮಂತ್ರಣ ಕಳಿಸೂ ಮರ್ಯಾದಿ ನನಗ ಈ ಜನ್ಮದಾಗ ಯಾರೂ ಕೊಟ್ಟಿದ್ದಿಲ್ಲ. ಅಕ್ಷರಾ ನೋಡ್ರಿ, ಮುತ್ತ ಪೋಣಿಸಿದಂಗ ಅದಾವು. ಯಾರ ಬರದಾರ?"

"ನಮ್ಮ ಸಣ್ಣಾಕಿ" ಅಂದ ಅಪ್ಪ, ನೆಲ ನೋಡುತ್ತ.

"ಶಾಣ್ಯಾಕಿ ನನ್ನ ಪೋರಿ" ಅಂತ ಕಾಕಾ ನನ್ನ ತಲೆಯ ಮೇಲೆ ಕೈ ಇಟ್ಟ. "ಓದ್ರಿ ಸಾಹೇಬ್ರ."

ಅಪ್ಪ ಕನ್ನಡಕ ಹಾಕಿಕೊಂಡು ಕಾಗದ ಹಿಡಿದ. ಪೂರ್ಣವಿರಾಮಕ್ಕೆ ನಿಲ್ಲುವ ಅಪ್ಪ. ಸಾವಿನ ಕಾಗದವನ್ನೂ ಬರೆದ ಹಾಗೇ ಓದಿದ ಅಪ್ಪ. ನಾನು ಕಂಬ ಹಿಡಿದು ನಿಂತೆ. ಒಂದು ಸಲ ಕೆಮ್ಮಿದ. ಕಾಗದದ ಮೇಲಿಂದ ಕಣ್ಣು ತೆಗೆಯದೆ, ಬೆರಳು ಸಾಲು ಸಾಲಿಗೆ ಸರಿಸುತ್ತ ಓದಿದ:

"ಖಾನಾಪುರದ ಮಿಸ್ತ್ರಿಯವರಿಗೆ ನಮ್ಮ ಮನೆಯವರೆಲ್ಲರ ಶರಣು. ನಮ್ಮ ಹಿರಿಯ ಮಗಳು ದೇವರ ದಯೆಯಿಂದ ಸುಖವಾಗಿ ಹಡೆದ ಮೇಲೆ ಕೂಸಿಗೆ ಹೆಸರಿಡುವುದಿದೆ. ತೊಟ್ಟಿಲು ತಮ್ಮ ಕೈಯಿಂದಲೇ ಕಟ್ಟಬೇಕು. ತಾವು ಬಾರದ ಹೊರತು ಕೂಸನ್ನು ತೊಟ್ಟಿಲಿಗೆ ಹಾಕುವುದಿಲ್ಲ."

ಕಾಗದದಲ್ಲಿ ಇಪ್ಪತ್ತು ಸಾಲಿದ್ದವು, ಅಪ್ಪ ಓದಿದ್ದು ನಾಲ್ಕು ಮಾತು. ಹಣೆಯ ಮೇಲೆ ಬೆವರಿತ್ತು. ಕಾಕಾ ಎರಡೂ ಕೈಯಲ್ಲಿ ಪತ್ರ ಇಸಿದುಕೊಂಡು, ಕಣ್ಣಿಗೊತ್ತಿಕೊಂಡು, ಮಡಚಿ ಕಿಸೆಯಲ್ಲಿಟ್ಟ. "ಇಟ್ಟು ಹೋಗು" ಅಂತ ಅಪ್ಪ ಕೈ ಚಾಚಿದ್ದು ಗಾಳಿಯಲ್ಲೇ ಉಳಿಯಿತು. ಅವತ್ತು ಅಪ್ಪನ ಮೇಲೆ ನನಗೆ ಬಂದ ಪ್ರೀತಿಯನ್ನು ಹೇಗೆ ಹೇಳಲಿ? ಹೋಗಿ ಅವನ ಕಾಲು ಹಿಡಿಯಬೇಕು ಅನ್ನಿಸಿತು. ಹಿಡಿಯಲಿಲ್ಲ, ಚಹಾದ ಕಪ್ಪು ಬಸಿ ಎತ್ತಿಕೊಂಡು ಒಳಗೆ ಹೋದೆ.

ಅಕ್ಕ ಅವತ್ತಿನಿಂದ ಹೊಟ್ಟೆ ತುಂಬ ಉಂಡಳು. ಅರ್ಧಕ್ಕಿಟ್ಟಿದ್ದ ಕುಲಾಯಿ ಮುಗಿಸಿದಳು. ದಿನಾ ಮುಂಜಾನೆ ತೆಂಗಿನಕಾಯಿಯ ಬಟ್ಟೆ ಬದಲಿಸಿ ಮತ್ತೆ ತೊಟ್ಟಿಲಿಗೆ ಹಾಕುತ್ತಿದ್ದಳು, ನಾನು ಕಾಯಿಗೆ ಜೋಗುಳ ಹಾಡಿ ಅವಳನ್ನು ನಗಿಸುತ್ತಿದ್ದೆ. ಹೆಣ್ಣು ಹುಟ್ಟಿತು. ಅತ್ತಿತು, ಹಾಲು ಕುಡಿಯಿತು, ಮೂರನೇ ದಿನ ದಾಟಿತು. ಆ ಮೂರನೇ ದಿನ ನಮ್ಮ ಮನೆಯಲ್ಲಿ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ನಾಲ್ಕನೇ ದಿನ ಎಲ್ಲರೂ ಸುಮ್ಮಸುಮ್ಮನೆ ಜಗಳಾಡಿದೆವು. ಹೆಸರಿಡುವ ದಿನ ಕಾಕಾ ಬಂದು ತೊಟ್ಟಿಲು ಕಟ್ಟಿದ. ಸರಪಳಿ ಸಮ ಇವೆಯೋ ಇಲ್ಲವೋ ನೋಡಲು ಕೈ ಎತ್ತಿದವನು ಬೆನ್ನ ಹಿಂದೆ ಕೈ ಕಟ್ಟಿಕೊಂಡ. ಕೂಸನ್ನು ಹಾಕಿದ ಮೇಲೆಯೇ ಒಂದು ಸಲ ತೂಗಿ, "ಸಮ ಅದಾವು" ಅಂದ.

ಅಪ್ಪನಿಗೆ ಮಾತ್ರ ಆ ಕಾಗದ ಗಂಟಲ ಮುಳ್ಳಾಯಿತು. ಸುಳ್ಳು ಓದಿದ್ದು ಒಂದು ಕಡೆ, ಅದರ ಸಾಕ್ಷಿ ಮಿಸ್ತ್ರಿಯ ಮನೆಯಲ್ಲೇ ಇರುವುದು ಇನ್ನೊಂದು ಕಡೆ. ಅದನ್ನು ತಿರುಗಿ ತರಲೆಂದೇ ಎಷ್ಟು ಸಲ ಖಾನಾಪುರಕ್ಕೆ ಹೋದನೋ! ಬಾಯಿ ಬಿಟ್ಟು ಕೇಳಲಾರ. ಹೋದಾಗಲೆಲ್ಲ ಕಾಕಾ ಏನಾದರೊಂದು ಕೊಟ್ಟು ಕಳಿಸುವನು. ನಮ್ಮ ಮನೆಯಲ್ಲಿ ನಾಲ್ಕು ಲಟ್ಟಣಿಗೆ, ಮೂರು ಕಡಗೋಲು, ಎರಡು ಹೋಳಿಗೆ ಮಣೆ ಆದವು. "ಇನ್ನೊಂದ ಲಟ್ಟಣಗಿ ತಂದ್ರ ಅದರಲೇ ಹೊಡಿತೇನಿ" ಅಂದಳು ಅವ್ವ.

ಎಂಬತ್ತರ ದಶಕ ಬಂತು. ಅಪ್ಪ ನಿವೃತ್ತನಾದ, ಮೊಣಕಾಲು ಹಿಡಿದುಕೊಂಡವು. ಒಂದು ದಿನ ನನ್ನನ್ನು ಹತ್ತಿರ ಕರೆದು ದನಿ ತಗ್ಗಿಸಿ ಹೇಳಿದ: "ಮಿಸ್ತ್ರಿ ಮಗಗ ಬೀಡಿ ಊರಿಂದ ಹೆಣ್ಣ ತಂದಾರಂತ. ಬೀಡಿ ಹುಡುಗಿ ಅಂದ್ರ ಕನ್ನಡಾ ಸಾಲಿ ಕಲತಾಕಿ. ಆ ಕಾಗದಾ ಆಕಿ ಕೈಗೆ ಸಿಕ್ಕ್ರ ಮುಗೀತು. ನೀ ಹೋಗಿ ಹೆಂಗರ ಮಾಡಿ ತಗೊಂಡ ಬಾ. ನಾ ಅವನ್ನ ಮೋಸಗಾರ ಅಂದೀನಿ ಅಂತ ಗೊತ್ತಾಗಿ ಅಂವಾ ಸಾಯಬಾರದು."

"ಆ ಶಬ್ದ ನಂದಪ್ಪಾ" ಅಂದೆ. "ಸಹಿ ನಂದು" ಅಂದ ಅಪ್ಪ.

ರಜೆಗೆ ಬಂದಿದ್ದ ಅಕ್ಕನ ಮಗಳನ್ನು ಕರೆದುಕೊಂಡು ಖಾನಾಪುರಕ್ಕೆ ಹೋದೆ. ಅವಳು ಆಗ ಸಾಲಿಯಲ್ಲಿ ಮೂರನೇ ಇಯತ್ತೆ. ಅಂಗಡಿಯ ಹಲಗೆ, ಬಸ್ಸಿನ ಬೋರ್ಡು, ಸುಟ್ಟ ಶೇಂಗಾ ಕಟ್ಟಿಕೊಟ್ಟ ಕಾಗದ, ಕಂಡದ್ದನ್ನೆಲ್ಲ ಕೂಗಿ ಓದುವ ವಯಸ್ಸು. ಕಾಕಾ ಮುದುಕನಾಗಿದ್ದ. ಅವಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಗಿಳಿಯ ಕಥೆ ಹೇಳತೊಡಗಿದ. ನಾನು ಒಳಗೆ ಹೋಗಿ, ಚಹಾ ಮಾಡುತ್ತಿದ್ದ ಬೀಡಿಯ ಸೊಸೆಯ ಹತ್ತಿರ ಅತ್ತ ಇತ್ತ ಮಾತು ತೆಗೆದು, ಕಡೆಗೆ ಕೇಳಿದೆ: "ಕಾಕಾನ ಹಂತೇಕ ನಮ್ಮಪ್ಪನ ಒಂದ ಹಳೇ ಪತ್ರ ಇರಬೇಕಲ್ಲ?"

ಅವಳು ಸೋಸುತ್ತಿದ್ದ ಕೈ ನಿಲ್ಲಿಸಿದಳು. "ಜಗಲಿ ಮ್ಯಾಲ ಐತ್ರಿ ಅಕ್ಕಾರ. ನಾ ಬಂದ ಹೊಸದಾಗ ಜಗಲಿ ಒರಸುಮುಂದ ಸಿಕ್ಕಿತ್ತು. ಮಾವಾರ, ಇದು ಕೋರ್ಟಿನ ನೋಟೀಸ ಐತಲ್ಲ ಅಂದ್ನಿ. ಓದು ಅಂದ್ರು. ಎಲ್ಲಾ ಓದಿ ಹೇಳಿದ್ನಿ."

"ಎಲ್ಲಾ?"

"ಎಲ್ಲಾ ರೀ." ತಲೆ ತಗ್ಗಿಸಿದಳು. "ಅರಿಷಿಣದ ಮೂಲಿ ಸವರಕೋತ ಕುಂತ್ರು. ಆಮ್ಯಾಲೆ, ಇದ್ದಲ್ಲೆ ಇಡು, ಇನ್ನ ಯಾರ ಮುಂದನೂ ಓದಬ್ಯಾಡ ಅಂದ್ರು. ಅಷ್ಟ."

ನನಗೆ ಹೊರಗೆ ಹೋಗಿ ಅವನ ಮುಖ ನೋಡುವ ಧೈರ್ಯ ಸಾಲಲಿಲ್ಲ. ಅಷ್ಟರಲ್ಲಿ ಪಡಸಾಲೆಯಿಂದ ಅಕ್ಕನ ಮಗಳ ದನಿ: "ಅಜ್ಜಾ, ಇದರಾಗ ನಮ್ಮಜ್ಜನ ಸಹಿ ಐತಿ! ಓದಲೇನು?" ಓಡಿಹೋದೆ. ಅವಳು ಜಗುಲಿಯ ಮುಂದೆ ನಿಂತಿದ್ದಳು. ಕೈಯಲ್ಲಿ ಪತ್ರ, ಮೂಲೆಯ ಅರಿಶಿನ ಕಂದಿಹೋಗಿತ್ತು. "ತಮಗೆ ಈ ನೋ..." ಅಂತ ಶುರುವನ್ನೂ ಮಾಡಿದ್ದಳು.

"ತಾ ಇಲ್ಲಿ" ಅಂದ ಕಾಕಾ. "ಅದು ನಿನ್ನ ಹೆಸರಿಡೂ ಪತ್ರ. ನಾನ ಓದಬೇಕು ಅದನ್ನ."

ಕನ್ನಡಕ ಹಾಕಿಕೊಂಡ. ಕಾಗದವನ್ನು ಮಗುವಿಗೆ ಕಾಣದಂತೆ ತನ್ನ ಕಡೆ ತಿರುಗಿಸಿ ಹಿಡಿದ. ಒಂದು ಸಲ ಕೆಮ್ಮಿದ, ನಮ್ಮಪ್ಪ ಕೆಮ್ಮಿದ ಹಾಗೆಯೇ. ಬೆರಳನ್ನು ಸಾಲಿನ ಮೇಲೆ ಸರಿಸುತ್ತ ಓದಿದ: "ಖಾನಾಪುರದ ಮಿಸ್ತ್ರಿಯವರಿಗೆ ನಮ್ಮ ಮನೆಯವರೆಲ್ಲರ ಶರಣು. ನಮ್ಮ ಹಿರಿಯ ಮಗಳು ದೇವರ ದಯೆಯಿಂದ ಸುಖವಾಗಿ ಹಡೆದ ಮೇಲೆ..." ಒಂದು ಶಬ್ದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. "ತಾವು ಬಾರದ ಹೊರತು ಕೂಸನ್ನು ತೊಟ್ಟಿಲಿಗೆ ಹಾಕುವುದಿಲ್ಲ." ಓದಿ ಮುಗಿಸಿ ನನ್ನ ಕಡೆ ನೋಡಿದ. ನಾನು ಅಳುತ್ತಿದ್ದೆ. "ನಿನ್ನ ಅಕ್ಷರಾ ಭಾಳ ಚಂದ ಅದಾವ ಪೋರಿ" ಅಂದು, ಪತ್ರವನ್ನು ಕಣ್ಣಿಗೊತ್ತಿಕೊಂಡು ಜಗುಲಿಯ ಮೇಲೆ ಇಟ್ಟ.

ಸಂಜೆ ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ. ನನ್ನ ಚೀಲದಿಂದ ಲಟ್ಟಣಿಗೆಯೊಂದು ಇಣುಕುತ್ತಿತ್ತು.

"ಕೊಟ್ಟನೇನು?"

"ಕೊಡಲಿಲ್ಲಪ್ಪಾ. ಅದು ಕೂಸಿನ ಹೆಸರಿಡೂ ಪತ್ರ, ಜಗಲಿ ಮ್ಯಾಲಿಂದ ತಗಿಯೂದಿಲ್ಲ ಅಂದ."

"ಬೀಡಿ ಹುಡುಗಿ ಓದಿಲ್ಲಲ?"

"ಇಲ್ಲ" ಅಂದೆ.

ಅಪ್ಪ ನನ್ನ ಮುಖವನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡು, "ಬರದದ್ದ ಬಿಟ್ಟ ಓದೂದು ನನ್ನ ಕಡೆಯಿಂದನ ಕಲತಿ ನೀ" ಅಂದ.